ನಾನು ನೋಡದ ಬೆನ್ನು

ಬೈಶಾಖ, ಮಂಗಳವಾರ

ಜೇನು ಕೀಳಲು ಹುಲಿಕಾಡಿಗೆ ಹೋದ ಇವರು ಇವತ್ತೂ ಬರಲಿಲ್ಲ. ಜೊತೆಗೆ ಹೋದ ದೋಣಿಗಳು ಮೊನ್ನೆಯೇ ಬಂದವು.

ದೋಣಿಕಟ್ಟೆಯ ಕ್ಯಾಮೆರಾ ನೋಡಿಕೊಳ್ಳುವ ಮೈದುನ ನಿತಾಯ್ ಸಂಜೆ ಬಂದಿದ್ದ. "ಬೌದಿ, ಕಾರ್ಡು ತುಂಬಿದೆ. ನಾಳೆಯಿಂದ ಹಳೇದನ್ನ ಅಳಿಸ್ಕೊಂಡು ಹೊಸದು ತುಂಬ್ಕೊಳ್ಳತ್ತೆ. ಅಣ್ಣ ಹರಕು ಗಮ್ಛಾ ಟವಲ್ನ ತಲೆಗೆ ಸುತ್ಕೊಂಡು ಮದುಮಗನ ಥರ ದೋಣಿ ಹತ್ತಿದ್ದು ಅದ್ರಲ್ಲಿದೆ. ತೆಗೆದಿಡ್ಲಾ?"

ಕಾಡಿಗೆ ಹೊರಟ ಗಂಡನ ಬೆನ್ನನ್ನು ಹೆಂಡತಿ ನೋಡಬಾರದು. ಅವತ್ತು ಗೋಡೆಗೆ ಮುಖ ಮಾಡಿ ನಿಂತಿದ್ದೆ. ಒಂದು ಸಲ ನೋಡಿಬಿಡೋಣ ಅನ್ನಿಸಿತು. ಆದರೆ ತೆಗೆದಿಟ್ಟುಕೊಂಡರೆ, ಇನ್ನು ಬರುವುದಿಲ್ಲವೆಂದು ನಾನೇ ಒಪ್ಪಿದ ಹಾಗೆ.

"ಅಳಿಸ್ಲಿ ಬಿಡಪ್ಪ. ಅವರು ಬರೋದನ್ನ ಹಿಡಿಯೋಕೆ ಜಾಗ ಬೇಕಲ್ಲ."

"ಇಡೀ ದಿನ ಮೋಡ ಬೌದಿ, ಕ್ಯಾಮೆರಾದ ಸೋಲಾರ್ ಬ್ಯಾಟರಿ ಬೆಳಗಿನವರೆಗೆ ಬರಲ್ಲ."

ನನ್ನ ಮನೆಯ ಬಲ್ಬೂ ಅದೇ ಬ್ಯಾಟರಿಯದು. ಕಾಡು ಕಾಯುವ ತಾಯಿ ಬೊನ್‌ಬೀಬಿಗೆ ಕೈಮುಗಿದು ಅದನ್ನು ಆರಿಸುತ್ತೇನೆ. ಕ್ಯಾಮೆರಾ ಎಚ್ಚರವಾಗಿರಲಿ. ಕತ್ತಲಲ್ಲೇ ಬಂದರೂ ಅವರ ಮುಖ ಅದಕ್ಕೆ ಕಾಣಲಿ.