ನಾಲ್ಕು ಡಿಗ್ರಿ

ಕಾರ್ಖಾನೆಯ ವಸತಿ, ೧೪ನೇ ಮನೆ
ಫೆಬ್ರವರಿ ೧೮, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಮೊದಲು ನಿನ್ನ ಕೈಗಳ ವಿಚಾರ ಹೇಳು. ಬಿರುಕು ಮಾಗಿತೇ? ಇಲ್ಲಿದ್ದಾಗ ಉಪ್ಪುನೀರು, ಅಲ್ಲಿ ಲಾಂಡ್ರಿಯ ಸೋಪು. ನೊರೆಯ ಋಣ ನಿನಗೆ ಹರಿಯುವ ಹಾಗೆ ಕಾಣುವುದಿಲ್ಲ. ಅಮ್ಮ ನಿನಗೆಂದು ಮುಲಾಮಿನ ಎರಡು ಟ್ಯೂಬು ಕಟ್ಟಿಟ್ಟಿದ್ದಾಳೆ. ಒಂದರಿಂದ ತನ್ನ ಹಿಮ್ಮಡಿಗೆ ಹಚ್ಚಿಕೊಂಡದ್ದೂ ಆಗಿದೆ. ಮಂಡಿನೋವು ಬಿಟ್ಟರೆ ಗಟ್ಟಿಯಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ.

ಲ್ಯಾಬಿಗೆ ಸುಣ್ಣಬಣ್ಣವಾಯಿತು, ಡಿಜಿಟಲ್ ಥರ್ಮಾಮೀಟರು ಬಂತು. ಮಂಗಳವಾರ ಹಳೆಯದನ್ನು ಕಪಾಟಿಗೆ ಸೇರಿಸುವ ಮುನ್ನ ಎರಡನ್ನೂ ಕರಗುವ ಮಂಜುಗಡ್ಡೆಯಲ್ಲಿಟ್ಟು ನೋಡಿದೆ. ಹೊಸದು ಸೊನ್ನೆ ತೋರಿಸಿತು, ಹಳೆಯದು ನಾಲ್ಕು. ಕಿಟಕಿಯ ಬೆಳಕಿಗೆ ಹಿಡಿದರೆ ಪಾದರಸದ ಎಳೆ ನಡುವೆ ತುಂಡಾಗಿ, ಮೇಲಿನ ಚೂರು ನಾಲ್ಕು ಗೆರೆ ಮೇಲೆ ಹೋಗಿ ಕೂತಿದೆ. ನೀನು ಕೆಲಸ ಕಳೆದುಕೊಂಡ ವಾರ ನಾನು ಉಪ್ಪುನೀರಿಗೆ ಇಳಿಬಿಟ್ಟದ್ದು ಇದೇ ಥರ್ಮಾಮೀಟರನ್ನು. ನಾನು ಹದಿನೇಳು ಎಂದು ಬರೆದ ದಿನ ನೀರು ಹದಿಮೂರು ಡಿಗ್ರಿ ಇತ್ತು.

ಸಂಜೆ ಹೇಳಿದಾಗ ಅಮ್ಮ, "ಹಾಗಂದ್ರೆ ಏನೇ?" ಎಂದಳು. ಎರಡು ವರ್ಷವಾದರೂ ನಾವಿಬ್ಬರೂ ಅವಳಿಗೆ ಬಿಡಿಸಿ ಹೇಳಿಯೇ ಇರಲಿಲ್ಲ ನೋಡು. ಪಕ್ಕದಲ್ಲಿ ಕೂತು ಹೇಳಿದೆ: ಗಣಿಯ ಕಲ್ಲಿನಲ್ಲಿ ಗೊಬ್ಬರಕ್ಕೆ ಬೇಕಾದ ಪೊಟ್ಯಾಶ್ ಉಪ್ಪೂ ಅಡುಗೆ ಉಪ್ಪೂ ಬೆರೆತಿರುತ್ತವೆ. ಅದನ್ನು ಪುಡಿಮಾಡಿ, ಇನ್ನೊಂದು ಕಾಳೂ ಕರಗದಷ್ಟು ಉಪ್ಪಾದ ನೀರಿನಲ್ಲಿ ಕದಡಿ, ಅಮೀನ್ ಹಾಕುತ್ತೇವೆ. ಮೇಣದಂಥ ಆ ವಸ್ತು ಪೊಟ್ಯಾಶ್ ಹರಳಿಗೆ ಮಾತ್ರ ಅಂಟುತ್ತದೆ. ಅಂಟಿದ ಹರಳಿಗೆ ನೀರು ಒಗ್ಗುವುದಿಲ್ಲ. ಗಾಳಿಗುಳ್ಳೆ ಹಿಡಿದು ನೊರೆಯಾಗಿ ಮೇಲೆ ಬರುತ್ತದೆ. ಅಡುಗೆ ಉಪ್ಪು ತಳ ಸೇರುತ್ತದೆ. ನೀರು ಹದಿನೈದು ಡಿಗ್ರಿಗಿಂತ ತಣ್ಣಗಾದರೆ ಬೇಸಿಗೆಯ ಅಮೀನ್ ಹೆಪ್ಪುಗಟ್ಟುತ್ತದೆ, ಚಳಿಗಾಲದ ಪೀಪಾಯಿ ತೆಗೆಯಬೇಕು. ಅದಕ್ಕೆ ಲ್ಯಾಬಿನ ಚೀಟಿ ಬೇಕು. ಚೀಟಿ ಬರೆಯುವವಳು ನಾನು.

ಅಮ್ಮ ಮಂಡಿ ನೀವಿಕೊಂಡಳು. ಆಮೇಲೆ, "ಹಾಗಾದ್ರೆ ಜ್ವರ ಬಂದಿದ್ದು ಥರ್ಮಾಮೀಟ್ರಿಗೆ, ಕಷಾಯ ಕುಡಿದಿದ್ದು ನನ್ನ ಮಗ" ಎಂದಳು.

ಆ ಬೆಳಿಗ್ಗೆ ನೀನು ಕೆಸರು ಬೂಟಿನಲ್ಲೇ ಲ್ಯಾಬಿಗೆ ನುಗ್ಗಿ, "ಅಕ್ಕಾ, ನೊರೆ ಸತ್ತೇ ಹೋಗಿದೆ, ನೀರು ತಣ್ಣಗಿದೆ, ಚಳಿಗಾಲದ್ದು ಕೊಡಿಸೇ" ಎಂದದ್ದು ನೆನಪಿದೆ. ನಾನು ಪುಸ್ತಕದಲ್ಲಿ ಹದಿನೇಳನ್ನು ಬೆರಳಿಟ್ಟು ತೋರಿಸಿ, ಎಲ್ಲರೆದುರು, "ನಿನ್ನ ಕಣ್ಣಿಗಿಂತ ನನ್ನ ಪಾದರಸ ಜಾಸ್ತಿ ಓದಿದೆ ಕಣೋ" ಎಂದೆ. ಅವರೆಲ್ಲ ನಕ್ಕರು, 'ನೊರೆ ಜ್ಯೋತಿಷಿ' ಎಂಬ ಹೆಸರು ನಿನಗೆ ಅಂಟಿದ್ದು ಅವತ್ತೇ. ಬೇರೆ ದಾರಿ ಕಾಣದೆ ನೀನು ಬೇಸಿಗೆಯ ಅಮೀನನ್ನೇ ಎರಡು ಪಟ್ಟು ಬಿಟ್ಟೆ. ಹೆಪ್ಪುಗಟ್ಟಿದ್ದು ಎಷ್ಟು ಬಿಟ್ಟರೂ ಅಂಟಲಿಲ್ಲ, ಮೂರು ಪಾಳಿಯ ಪೊಟ್ಯಾಶ್ ತಳದ ಉಪ್ಪಿನ ಜೊತೆ ಕಸದ ಗುಡ್ಡಕ್ಕೆ ಹೋಯಿತು. ಅಪ್ಪಣೆಯಿಲ್ಲದೆ ವಾಲ್ವ್ ತಿರುಗಿಸಿದ ತಪ್ಪಿಗೆ ವಿಚಾರಣೆ ನಡೆಸಿ ನಿನ್ನನ್ನು ತೆಗೆದರು.

ನಿನ್ನ ಜಾಗಕ್ಕೆ ಬಂದವನು ಒಳ್ಳೆಯವನೇ. ಕಂಪ್ಯೂಟರ್ ಪರದೆ ನೋಡುತ್ತಾನೆ, ನೊರೆ ನೋಡುವುದಿಲ್ಲ. ನೀನು ನೊರೆ ಎತ್ತಿ ನೋಡುತ್ತಿದ್ದ ಉದ್ದ ಹಿಡಿಕೆಯ ಸೌಟು ನಾಲ್ಕನೇ ತೊಟ್ಟಿಯ ಕಂಬಿಯಲ್ಲಿ ಇನ್ನೂ ನೇತಾಡುತ್ತಿದೆ, ಯಾರೂ ಮುಟ್ಟಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ಕೆಲಸ ಮುಗಿದ ಮೇಲೆ ಕೈಗೆ ಮುಲಾಮು ಹಚ್ಚಿಕೋ. ಅಮ್ಮ ನಿನ್ನ ತಲೆ ಮೇಲೆ ಕೈಯಿಟ್ಟಿದ್ದಾಳೆ ಅಂತ ತಿಳಿ.

ನಿನ್ನ ಅಕ್ಕ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು: ಮಂಗಳವಾರ ನೋಡಿದ್ದು ನಿಜ, ಮೊದಲು ನೋಡಿದ್ದು ಅವತ್ತಲ್ಲ. ವಿಚಾರಣೆಯ ದಿನ ನೀನು ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಹೊರಗಿನ ಬೆಂಚಿನಲ್ಲಿ ಕೂತಿದ್ದಾಗಲೇ ಆ ತುಂಡು ನನ್ನ ಕಣ್ಣಿಗೆ ಬಿತ್ತು. ಎರಡು ಸಲ ಜಾಡಿಸಿದೆ, ಕೂಡಲಿಲ್ಲ. ಒಳಗೆ ಹೋಗಿ ಹದಿನೇಳು ಎಂದೇ ಹೇಳಿದೆ. ಆಮೇಲಿನ ಎರಡು ಚಳಿಗಾಲವೂ ಮನಸ್ಸಿನಲ್ಲೇ ನಾಲ್ಕು ಕಳೆದು ಬರೆದಿದ್ದೇನೆ. ಮೇಲಿನ ಸಾಲುಗಳನ್ನು ಹೊಡೆದುಹಾಕಿಲ್ಲ. ಮೊದಲು ಹೇಗೆ ಬರೆದೆ ಎಂಬುದೂ ನಿನಗೆ ಗೊತ್ತಿರಲಿ. ನಾಳೆ ಹತ್ತು ಗಂಟೆಗೆ ಮ್ಯಾನೇಜರಿಗೆ ಕೊಡಲು ಎಲ್ಲವನ್ನೂ, ಇದನ್ನೂ ಸೇರಿಸಿ, ಎರಡು ಹಾಳೆ ಬರೆದು ಸಹಿ ಹಾಕಿದ್ದೇನೆ. ಇನ್ನೊಂದು ಪ್ರತಿಗೂ ಸಹಿ ಹಾಕಿ ಇದರೊಳಗಿಟ್ಟಿದ್ದೇನೆ. ನಾಳೆ ನಾನು ಹಿಂಜರಿದರೆ ನೀನೇ ಕಳಿಸು. ಅಮ್ಮನಿಗೆ ಇನ್ನೂ ಹೇಳಿಲ್ಲ.