ಕಮರಗುಡ್ಡದ ದುಭಾಷಿ

ಕಮರಗುಡ್ಡ, ಬಳ್ಳಾರಿ ಸೀಮೆ
ಫೆಬ್ರುವರಿ ಮೂವತ್ತು, 2418

ನಮಗಿಂತ ಮುಂಚೆ ಈ ನೆಲದಲ್ಲಿ ಬಾಳುತ್ತಿರುವವರಿಗೆ,

ತಾರೀಕು ತಪ್ಪಿಲ್ಲ, ಈಗ ನಮ್ಮ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕನ್ನಡ ನಿಮ್ಮ ಕಿವಿಗೆ ಒರಟೆನಿಸಿದರೆ ಮನ್ನಿಸಬೇಕು. ನಾನು ಹೊನ್ನಾಂಬೆ, ಇಲ್ಲಿಯ ನೀರ್ಗಾಪಿನವಳು. ಸೆಲೆಯ ಬಳಿ ಕೂತು ಮನೆಮನೆಗೆ ನೀರು ಅಳೆದು ಬಿಡುವ ಕೆಲಸಕ್ಕೆ ನಾವು ನೀರ್ಗಾಪು ಎನ್ನುತ್ತೇವೆ. ಬಿಸಿಲು ತಾಳಲಾರದೆ ಮನೆಗಳನ್ನು ನೆಲದೊಳಗೆ ಕಟ್ಟಿಕೊಂಡಿದ್ದೇವೆ. ಹೊತ್ತು ಇಳಿದ ಮೇಲೆ ಹೊರಬಂದು ನವಣೆ ಹೊಲಕ್ಕೆ ಹೋಗುತ್ತೇವೆ. ಕೊಡ ಹಿಡಿದು ನಿಂತ ಹೆಂಗಸರು ಇಂದಿಗೂ ಹೇಳಿಕೊಳ್ಳುವ ಸಂಗತಿಯೊಂದನ್ನು ನಿಮಗೆ ತಿಳಿಸಬೇಕಾಗಿದೆ.

ಬ್ರಿಟಿಷರ ಆಳ್ವಿಕೆಯಲ್ಲಿ ಭೂಗರ್ಭ ಸರ್ವೆಯ ತಂಡವೊಂದು ಇಲ್ಲಿ ಡೇರೆ ಹಾಕಿತು. ಮುಖ್ಯಸ್ಥ ಹಾರ್ಗ್ರೀವ್ ದೊರೆ. ಅವನ ದುಭಾಷಿ ವಾಮನರಾಯ. ಕಬ್ಬಿಣದ ಅದಿರು ಎಷ್ಟು ಆಳಕ್ಕಿದೆಯೆಂದು ನೋಡಲು ಸೆಲೆಯ ಮೇಲ್ಗಡೆಯೇ ಗುಂಡಿ ತೋಡಬೇಕೆಂದು ದೊರೆ ಗುರುತು ಹಾಕಿದ. ಊರಿನ ಪರವಾಗಿ ಹುಲುಗವ್ವನೆಂಬ ವಿಧವೆ ಮುಂದೆ ಬಂದಳು.

"ಇಲ್ಲಿ ಅಗಿಬ್ಯಾಡ್ರಿ. ಸೆಲಿ ಕಣ್ಣು ಮುಚ್ಚಿದ್ರ ನಾವೆಲ್ಲಿಗೆ ಹೋಗಬೇಕ್ರಿ?"

ಏನೆನ್ನುತ್ತಾಳೆ ಎಂದು ದೊರೆ ಕೇಳಿದ. ವಾಮನರಾಯನಿಗೆ ಬಡ್ತಿ ಸಿಗುವುದರಲ್ಲಿತ್ತು. ಕೆಲಸ ನಿಂತರೆ ದೊರೆ ಸಿಡುಕುತ್ತಿದ್ದ.

"ಒಪ್ಪಿದ್ದಾಳೆ," ಎಂದುಬಿಟ್ಟ ವಾಮನರಾಯ.

ಗುಂಡಿ ಆಳಕ್ಕೆ ಇಳಿದಂತೆ ಸೆಲೆಯ ನೀರೆಲ್ಲ ಅದರೊಳಕ್ಕೆ ನುಗ್ಗಿ, ಬಂಡೆಯ ಬಿರುಕಿನಲ್ಲಿ ಇಂಗಿಹೋಯಿತು. ದನಗಳು ಸತ್ತವು. ಅರ್ಧ ಊರು ಗಂಟುಮೂಟೆ ಕಟ್ಟಿತು. ಹೊರಟವರಲ್ಲಿ ಹುಲುಗವ್ವನ ತುಂಬುಬಸುರಿ ಮಗಳೂ ಇದ್ದಳು, ದಾರಿಯಲ್ಲೇ ತೀರಿಕೊಂಡಳು. ಆ ಸುದ್ದಿ ಡೇರೆ ಮುಟ್ಟಿದಾಗ ವಾಮನರಾಯ ದೊರೆಯೆದುರು ನಿಜ ಹೇಳಿದ. ಊರು ಒಪ್ಪಿದೆಯೆಂಬ ವರದಿ ಆಗಲೇ ಮದರಾಸಿಗೆ ಹೋಗಿದೆಯೆಂದ ದೊರೆ. ಕೆಲವೇ ದಿನಗಳಲ್ಲಿ ತಂಡ ಡೇರೆ ಕಿತ್ತಿತು. ವಾಮನರಾಯ ಅವರೊಡನೆ ಹೋಗಲಿಲ್ಲ.

ಉಳಿದ ಜನರ ಜೊತೆ ತಾನೂ ಬತ್ತಿದ ಕೆರೆಯ ಜೇಡಿಮಣ್ಣು ಹೊತ್ತು ಗುಂಡಿ ಮುಚ್ಚಿದ. ಯಾರೂ ಅವನನ್ನು ಮಾತಾಡಿಸುತ್ತಿರಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಸೆಲೆ ಮತ್ತೆ ಒಸರಿತು, ಮೊದಲಿನ ಅರ್ಧದಷ್ಟೂ ಇಲ್ಲ. ದೂರ ನಿಂತಿದ್ದ ಅವನತ್ತ ಹುಲುಗವ್ವ ತಂಬಿಗೆ ಚಾಚಿದಳು.

"ಕುಡೀರಿ. ನನ್ನ ಸಿಟ್ಟು ನನ್ನ ಕೂಡ ಇರಲಿ. ನೀರಿಗ್ಯಾಕ ಸಿಟ್ಟು?"

ಅವನು ಕುಡಿದು ಬಿಕ್ಕಿಬಿಕ್ಕಿ ಅತ್ತನಂತೆ. ಅವಳು ಸಾಯುವವರೆಗೂ ಅವನೊಡನೆ ಮತ್ತೊಂದು ಮಾತಾಡಲಿಲ್ಲ. ಆ ಉಳಿದಷ್ಟು ನೀರಿನಲ್ಲಿ ನಾವಿನ್ನೂ ಬದುಕಿದ್ದೇವೆ.

ನಿಮ್ಮ ಕಾಲದಲ್ಲೂ ಗುಡ್ಡಗಳನ್ನು ಅಳೆಯಲು ತಂಡಗಳು ಬರುತ್ತವೆಂದು ಬಲ್ಲೆ. ಬೇಡವೆನ್ನಲು ನಾನು ಅಲ್ಲಿಲ್ಲ. ಆ ಗುಡ್ಡಗಳ ಬುಡದಲ್ಲಿ ಬಾಳುವವರು ಇದ್ದಾರೆ. ಅವರು ಬೇಡ ಎಂದರೆ, ದಯವಿಟ್ಟು, ಬೇಡ ಎಂದೇ ಬರೆದುಕೊಳ್ಳಿ.