ಎರ್ರಿಸ್ವಾಮಿಯವರ ಮಡಚುವ ಕುರ್ಚಿ

ಮೂರನೆಯ ಬೇಸಿಗೆ, ಹತ್ತೊಂಬತ್ತನೆಯ ದಿನ, ೨೧೭೭
ಕುಳಿಮನೆ ಸಾಲು, ಬಳ್ಳಾರಿ

ಮುತ್ತಾತ ಪಂಪಾಪತಿಯವರಿಗೆ ಹುಲುಗಪ್ಪನ ನಮಸ್ಕಾರಗಳು.

ತಾವು ಹೇಗಿದ್ದೀರಿ? ಈರಮ್ಮ ಮುತ್ತಜ್ಜಿಯ ಮೊಣಕಾಲು ನೋವು ಇಳಿಯಿತೇ? ನಿಮ್ಮ ತಮ್ಮ ಕೊಟ್ರೇಶಪ್ಪನವರ ಕೆಮ್ಮು ಈಗ ಹೇಗಿದೆ? ನಾಗವೇಣಿಗೆ ಹಲ್ಲು ಬಂದವೇ? ಆ ಕೂಸು ಮುಂದೆ ನನ್ನ ತಾಯಿಗೆ ತಾಯಿಯಾಗಬೇಕಾದವಳು, ಜೋಪಾನವಾಗಿ ನೋಡಿಕೊಳ್ಳಿ. ನನಗೀಗ ಎಪ್ಪತ್ತೆರಡು. ಲೆಕ್ಕ ಹಾಕಿದರೆ ಇದನ್ನು ಓದುವ ದಿನಕ್ಕೆ ನೀವು ನನಗಿಂತ ಮೂವತ್ತು ವರ್ಷ ಚಿಕ್ಕವರು, ಆದರೂ ಮುತ್ತಾತ ಎಂದೇ ಕರೆಯುತ್ತೇನೆ, ನಗಬೇಡಿ. ನನ್ನ ಜೊತೆಗಿರುವವಳು ಮೊಮ್ಮಗಳು ಸುಂಕಮ್ಮ ಒಬ್ಬಳೇ. ಇಪ್ಪತ್ತು ವರ್ಷ, ಗಟ್ಟಿ ಕಾಲು, ಅದಕ್ಕಿಂತ ಗಟ್ಟಿ ಬಾಯಿ.

ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ. ನಿಮಗೆ ವರ್ಷಕ್ಕೆ ಒಂದು ಬೇಸಿಗೆ, ನಮಗೆ ನಾಲ್ಕು. ಮೂರನೆಯದೇ ಕೆಟ್ಟದ್ದು. ಮೋಡ ಕಟ್ಟುತ್ತದೆ, ಮಳೆ ಬೀಳುವುದಿಲ್ಲ, ಮೈಮೇಲಿನ ಬೆವರು ಆರುವುದಿಲ್ಲ. ಬೆವರು ಆರದೆ ನಿಂತು ಮೈ ಒಳಗಿನಿಂದ ಬೇಯತೊಡಗುವ ಹಂತಕ್ಕೆ ನಾವು ಬೆವರುಗಟ್ಟು ಎನ್ನುತ್ತೇವೆ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಗೋಡೆಗೆ ಅಂಟಿಸಿದ್ದ ಹಳೆಯ ಪೇಪರಿನ ಕ್ರೀಡಾಪುಟ ಓದಿ ಅಕ್ಷರ ಕಲಿತವನು. ನಿಮ್ಮ ಕಾಲದವರು ಅದಿರು ತೆಗೆದು ಬಿಟ್ಟುಹೋದ ಗಣಿಗಳ ಗೋಡೆಯಲ್ಲಿ ಕೋಣೆ ಕೊರೆದುಕೊಂಡಿದ್ದೇವೆ. ಅವೇ ಕುಳಿಮನೆಗಳು. ಬೆಳಿಗ್ಗೆ ಏಳಕ್ಕೆ ಸೈರನ್ ಕೂಗಿದರೆ ನಾಯಿಗಳೂ ಒಳಗೆ ಸೇರಿಕೊಳ್ಳುತ್ತವೆ. ಬೆಳಕು ಹರಿಯುವುದಕ್ಕೂ ಸೈರನ್ನಿಗೂ ನಡುವೆ ಇರುವ ಎರಡು ಗಂಟೆ ಮಾತ್ರ ನಮ್ಮದು. ಅದರಲ್ಲಿ ನೀರು ತರುತ್ತೇವೆ, ಸತ್ತವರನ್ನು ಹೂಳುತ್ತೇವೆ, ಭಾನುವಾರಗಳಲ್ಲಿ ಫುಟ್‌ಬಾಲ್ ಆಡುತ್ತೇವೆ.

ನಾನು ಬರೆಯಲು ಕೂತದ್ದು ಒಂದು ಕಷ್ಟಕ್ಕೆ. ಈ ಭಾನುವಾರದೊಳಗೆ ನಾನು ಒಬ್ಬ ದೊಡ್ಡ ಮನುಷ್ಯರಿಗೆ ಅವರ ಕೆಲಸ ಮುಗಿಯಿತೆಂದು ಹೇಳಬೇಕಾಗಿದೆ. ಹೇಳದಿದ್ದರೆ ನನ್ನ ಸುಂಕಮ್ಮ ಮೈದಾನದಿಂದ ನಡೆದು ಹೊರಬರುವುದು ಅನುಮಾನ.

ಅವರು ನಮ್ಮ ಬಿಸಿಲಗುಡ್ಡ ಸಂಘದ ಮ್ಯಾನೇಜರ್ ಎರ್ರಿಸ್ವಾಮಿ. ಮೂವತ್ತೊಂದು ವರ್ಷದಿಂದ ಇದ್ದಾರೆ. ಲೀಗಿನ ನಿಯಮದ ಪ್ರಕಾರ ಆಟ ಮುಗಿಯುವ ಮೊದಲು ಮೈದಾನ ಬಿಟ್ಟ ತಂಡಕ್ಕೆ ಸೋಲು. ಬೆವರುಗಟ್ಟು ಅಳೆಯಲು ಲೀಗಿನವರ ಯಂತ್ರವೂ ಇದೆ, ಆದರೆ ಅದರ ಕೆಂಪು ದೀಪ ಹತ್ತುವುದು ಸಾಮಾನ್ಯವಾಗಿ ಗೆದ್ದವರಿಗೆ ಕಪ್ ಕೊಟ್ಟು ಮುಗಿಸಿದ ಮೇಲೆ. ಎರ್ರಿಸ್ವಾಮಿ ಅದನ್ನು ತಿರುಗಿಯೂ ನೋಡಿದವರಲ್ಲ. ಗೆರೆಯ ಪಕ್ಕ ಮಡಚುವ ಕುರ್ಚಿ ಹಾಕಿ ಕೂತು, ಒಂದು ಒದ್ದೆ ಬಟ್ಟೆಯನ್ನು ಆಗಾಗ ಕತ್ತಿಗೆ ಒತ್ತಿಕೊಳ್ಳುತ್ತಿದ್ದರು. ಬಟ್ಟೆ ತಂಪಾಗಿರುವ ತನಕ ಆಟ. ಬಟ್ಟೆ ತಂಪು ಬಿಟ್ಟಿತೋ, ಎದ್ದು ಕುರ್ಚಿ ಮಡಚುವರು. ನಮ್ಮ ಹನ್ನೊಂದು ಮಂದಿ ಚೆಂಡನ್ನು ಅಲ್ಲೇ ಬಿಟ್ಟು ಹೊರಗೆ ಬರಬೇಕು. ಗೆಲ್ಲುತ್ತಿದ್ದರೂ ಅಷ್ಟೇ.

ನಾವು ಅವರನ್ನು ಬೈದ ಬೈಗುಳ ಇಲ್ಲಿ ಬರೆಯಲಾರೆ, ಮುತ್ತಜ್ಜಿ ಓದಿಯಾರು. ಅವರಿಗೆ ಕುರ್ಚಿಸ್ವಾಮಿ ಎಂದು ಹೆಸರಿಟ್ಟೆವು. "ಇವನ ತಂಡ ಗೋಲ್ ಹೊಡೆಯೋದು ಕಲೀಲಿಲ್ಲ, ಮನಿಗೆ ಹೋಗೋದು ಮಾತ್ರ ಚಲೋ ಕಲಿತೈತಿ" ಎಂದು ಹಲಗೆ ಬಡಿದುಕೊಂಡು ಹಾಡಿದೆವು. ಒಂದು ಸಲ ಮುರುಕು ಕುರ್ಚಿಗೆ ಹೂವಿನ ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ಅವರ ಬಾಗಿಲ ಮುಂದೆ ಇಟ್ಟು ಬಂದೆವು. ಅವರು ಹಾರ ತೆಗೆದಿಟ್ಟು, ಕಾಲಿಗೊಂದು ಮೊಳೆ ಹೊಡೆದು, ಅದರ ಮೇಲೇ ಕೂತು ಮುಂದಿನ ಆಟ ನೋಡಿದರು. ನಾವು ಎಂದು ಬರೆದು ನಾನು ಬಚ್ಚಿಟ್ಟುಕೊಳ್ಳುವುದು ಬೇಡ. ಹಲಗೆ ನನ್ನದು, ಹಾಡು ಕಟ್ಟಿದವನೂ ನಾನೇ.

ಅವರ ಹತ್ತನೆಯ ವರ್ಷ ನಾವು ಮೊದಲ ಬಾರಿಗೆ ಫೈನಲ್ ತಲುಪಿದೆವು. ನನ್ನ ಮಗ ಗಾದಿಲಿಂಗ ಎರಡು ಗೋಲು ಹೊಡೆದಿದ್ದ. ಇಪ್ಪತ್ತು ನಿಮಿಷ ಉಳಿದಿತ್ತು, ಎರ್ರಿಸ್ವಾಮಿ ಕುರ್ಚಿ ಮಡಚಿದರು. ಮಗ ಅಂಗಿ ಕಿತ್ತೆಸೆದು ಅತ್ತ. ಮರುದಿನವೇ ನಾನು ಅವನನ್ನು ಹಗರಿ ದಂಡೆಯ ತಂಡಕ್ಕೆ ಕರೆದುಕೊಂಡು ಹೋಗಿ ಸೇರಿಸಿದೆ. ಅವನು ಕೇಳಿರಲಿಲ್ಲ, ನಾನೇ ಕರೆದುಕೊಂಡು ಹೋದೆ. ಅಲ್ಲಿ ಎರಡನೆಯ ವರ್ಷ, ಎಂಬತ್ತೊಂದನೆಯ ನಿಮಿಷದಲ್ಲಿ ಅವನು ಮಂಡಿಯೂರಿದ. ಕಾಲು ಜಾರಿತೆಂದುಕೊಂಡೆ. ಹಲಗೆ ಕೆಳಗಿಟ್ಟು, "ಏಳಲೇ, ಇನ್ನ ಒಂಬತ್ತ್ ನಿಮಿಷ ಐತಿ" ಎಂದು ಕೂಗಿದೆ. ಅವನು ನನ್ನ ಮಾತು ಕೇಳಿ ಎದ್ದ, ಮುತ್ತಾತ. ಎದ್ದು ನಾಲ್ಕು ಹೆಜ್ಜೆ ಓಡಿದ. ಸುಂಕಮ್ಮನಿಗೆ ಆಗ ಒಂದು ವರ್ಷ.

ಅವನ ಮಣ್ಣಿಗೆ ಎರ್ರಿಸ್ವಾಮಿ ಬಂದಿದ್ದರು. ಬಯ್ಯುತ್ತಾರೆಂದು ಕಾದೆ. ಅವರು ನನ್ನ ಪಕ್ಕ ಬಂದು ನಿಂತು, "ನಿನ್ನ ಮಗ ಎಡಗಾಲಿನೋನು ಹುಲುಗಪ್ಪ. ನಾನು ಎರಡು ವರ್ಷ ಸುಮ್ನ ಬಲಗಡೆ ಆಡಿಸಿದೆ. ತಪ್ಪು ನಂದು" ಎಂದರು. ಅಷ್ಟೇ ಹೇಳಿ ಹೋದರು.

ಜನರ ಮನಸ್ಸು ತಿರುಗಿದ್ದು ಒಂದೇ ದಿನದಲ್ಲಲ್ಲ. ಆಟದಲ್ಲಿ ಸತ್ತವರಿಗೆ ಮೈದಾನದ ಅಂಚಿನಲ್ಲಿ ಒಂದೊಂದು ಕಲ್ಲು ನೆಡುವುದು ನಮ್ಮಲ್ಲಿಯ ಪದ್ಧತಿ. ಹಗರಿ ದಂಡೆಯಲ್ಲಿ ಹದಿನಾಲ್ಕು ಕಲ್ಲು, ಅದರಲ್ಲಿ ಒಂದು ನನ್ನ ಮನೆಯದು. ಬೇರೆ ಊರಿಗೆ ಆಡಲು ಹೋದಾಗಲೆಲ್ಲ ಸಾಲು ಉದ್ದವಾಗಿರುತ್ತಿತ್ತು. ಮೊದಲು ಗಮನಿಸಿದವರು ಹೆಂಗಸರು. "ನಮ್ಮ ಮೈದಾನದಾಗ ಎರ್ರಿಸ್ವಾಮಿ ಬಂದಮ್ಯಾಲೆ ಒಂದು ಕಲ್ಲೂ ನೆಟ್ಟಿಲ್ಲ ನೋಡ್ರೇ" ಎಂದು ನೀರಿನ ಸಾಲಿನಲ್ಲಿ ಯಾರೋ ಅಂದರು. ಆಮೇಲೆ ಬೇರೆ ಊರಿನ ತಾಯಂದಿರು ಮಕ್ಕಳನ್ನು ಕರೆತಂದು ನಮ್ಮ ಸಂಘಕ್ಕೆ ಸೇರಿಸತೊಡಗಿದರು. ಸೋತ ದಿನವೂ ಜನ ಎದ್ದುಹೋಗದೆ ಕೂತಿರುತ್ತಿದ್ದರು. ಬರುಬರುತ್ತ ಮನೆಯಿಂದಲೇ ಮಡಚುವ ಕುರ್ಚಿ ತರುವ ರೂಢಿ ಬಂತು. ಅವರು ಮಡಚಿದ ಕ್ಷಣ ಎರಡು ಸಾವಿರ ಮಂದಿಯೂ ಮಡಚುತ್ತಾರೆ. ಆ ಸದ್ದು ಗುಡ್ಡಕ್ಕೆ ಬಡಿದು ಬರುವಾಗ ಎದುರು ತಂಡದವರೂ ಒಮ್ಮೊಮ್ಮೆ ನಿಂತುಬಿಡುತ್ತಾರೆ. ಮೂವತ್ತೊಂದು ವರ್ಷದಲ್ಲಿ ನಮಗೆ ಒಂದು ಕಪ್ ಕೂಡ ಬಂದಿಲ್ಲ. ಈಗ ಯಾರೂ ಅದನ್ನು ಕೇಳುವುದಿಲ್ಲ. ಕುರ್ಚಿಸ್ವಾಮಿ ಎಂಬ ಹೆಸರನ್ನೇ ಮಕ್ಕಳಿಗೆ ಇಡುತ್ತಿದ್ದಾರೆ.

ಕಷ್ಟ ಬಂದಿರುವುದು ಈ ಪ್ರೀತಿಯಿಂದಲೇ. ಹೋದ ತಿಂಗಳು ನಾನು ಅವರ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವರು ಬಟ್ಟೆಯನ್ನು ಕತ್ತಿಗೆ ಒತ್ತಿಕೊಂಡು, "ಇನ್ನಾ ತಂಪೈತಿ" ಎಂದು ಕುರ್ಚಿಯ ಬೆನ್ನಿಗೆ ಹಾಕಿದರು. ಅದರ ತುದಿ ನನ್ನ ಕೈಗೆ ತಾಗಿತು. ಒಲೆಯ ಮೇಲಿಂದ ಪಾತ್ರೆ ಇಳಿಸಿದ ಬಟ್ಟೆಯಂತೆ ಬಿಸಿಯಾಗಿತ್ತು. ಅವರಿಗೆ ಎಪ್ಪತ್ತೆಂಟು, ಕತ್ತಿನ ಚರ್ಮ ಸತ್ತುಹೋಗಿದೆ, ಅದು ಅವರಿಗೇ ಗೊತ್ತಿಲ್ಲ. ಮೈದಾನದಲ್ಲಿ ಸುಂಕಮ್ಮ ಮೊಣಕಾಲ ಮೇಲೆ ಕೈಯೂರಿ ನಿಂತಿದ್ದಳು. ನಾನು ನನ್ನ ಕುರ್ಚಿಗೆ ಕೈ ಹಾಕಿದೆ. ಎರಡು ಸಾವಿರ ಮಂದಿಯ ಕಣ್ಣು ಅವರ ಕುರ್ಚಿಯ ಮೇಲಿತ್ತು. ಒಂದು ಕಾಲದಲ್ಲಿ ಅವರನ್ನು ಬೈದ ಹುಲುಗಪ್ಪ ಈಗ ಅವರಿಗಿಂತ ಮೊದಲು ಮಡಚಿದ ಎನ್ನುತ್ತಾರಲ್ಲ ಎಂದು ಕೈ ಹಿಂದಕ್ಕೆ ಬಂತು. ಇನ್ನೂ ಆರು ನಿಮಿಷ ಆಡಿಸಿದರು. ಮೌಲಾಲಿ ಎಂಬ ಹುಡುಗ ವಾಂತಿ ಮಾಡಿಕೊಂಡು ಬಿದ್ದ. ಬದುಕಿದ್ದಾನೆ, ಆದರೆ ತಾಯಿ ಎದುರು ನಿಂತರೆ ಯಾರೆಂದು ಕೇಳುತ್ತಾನೆ.

ಊರಿನವರ ಬಾಯಲ್ಲಿ ಒಂದೇ ಮಾತು: "ಕುರ್ಚಿಸ್ವಾಮಿ ಮಡಚಲಿಲ್ಲ ಅಂದಮ್ಯಾಲೆ ಬೆವರುಗಟ್ಟು ಇರಲಿಲ್ಲ ಬಿಡು. ಹುಡುಗ ಏನೋ ತಿಂದಿದ್ದ." ಸುಂಕಮ್ಮನಿಗೆ ಬಟ್ಟೆಯ ವಿಷಯ ಹೇಳಿದೆ. ಬೂಟಿನ ದಾರ ಕಟ್ಟುತ್ತಲೇ, "ಅವರು ಮಡಚೋ ತನಕ ನಾನು ಹೊರಗ ಬರಲ್ಲ ತಾತ. ಅವರಿಗಿಂತ ನಿನಗ ಜಾಸ್ತಿ ಗೊತ್ತೈತೇನು? ನಮ್ಮಪ್ಪನ್ನ ಅವರ ಕೈಯಾಗಿಂದ ಬಿಡಿಸಿಕೊಂಡು ಹೋದೋನು ನೀನ ಅಲ್ಲೇನು?" ಎಂದಳು. ಅವಳದು ತಪ್ಪಲ್ಲ. ನಾನೇ ಅವಳನ್ನು ಆ ಕುರ್ಚಿ ತೋರಿಸಿ ಬೆಳೆಸಿದವನು.

ನಿಮಗೇ ಯಾಕೆ ಬರೆಯುತ್ತಿದ್ದೇನೆಂದು ಈಗ ಹೇಳುತ್ತೇನೆ. ಸಂಘದ ಪೆಟ್ಟಿಗೆಯಲ್ಲಿ ನಿಮ್ಮ ಕಾಲದ ನಿರ್ಣಯ ಪುಸ್ತಕ ಉಳಿದಿದೆ. ಅದರಲ್ಲಿ ಒಂದು ಸಾಲು: "ಹತ್ತೊಂಬತ್ತು ವರ್ಷ ತಂಡವನ್ನು ನಡೆಸಿದ ಮ್ಯಾನೇಜರ್ ಶ್ರೀ ಬಸವನಗೌಡರಿಗೆ ಅವರ ಒಪ್ಪಿಗೆಯ ಮೇರೆಗೆ ವಿಶ್ರಾಂತಿ ನೀಡಲಾಯಿತು." ಕೆಳಗೆ ಕಾರ್ಯದರ್ಶಿ ಎಂದು ನಿಮ್ಮ ಸಹಿ. ಅವರ ಒಪ್ಪಿಗೆಯ ಮೇರೆಗೆ ಎಂದಿದೆಯಲ್ಲ, ಆ ಒಪ್ಪಿಗೆಯನ್ನು ನೀವು ಹೇಗೆ ಪಡೆದಿರಿ? ಮನೆಗೆ ಹೋದಿರಾ? ಮೊದಲು ಏನು ಮಾತಾಡಿದಿರಿ? ಅವರು ಅತ್ತರೇ, ಸಿಟ್ಟಾದರೇ? ಕೊನೆಗೆ ಚಹಾ ಕುಡಿದು ಎದ್ದಿರೋ, ಕುಡಿಯದೆ ಎದ್ದಿರೋ?

ಭಾನುವಾರ ಬಟ್ಟೆ ಬಿಸಿಯಾದರೆ ನಾನು ಮಡಚುತ್ತೇನೆ, ಅದು ನಿಶ್ಚಯ. ಉಗಿದರೂ ಸರಿ. ಆದರೆ ನಾನೊಬ್ಬ ಮಡಚಿದರೆ ಯಾರೂ ಹೊರಗೆ ಬರುವುದಿಲ್ಲ, ಸುಂಕಮ್ಮನಂತೂ ಬರುವುದಿಲ್ಲ. ಅವರೇ ಎದ್ದು ಕುರ್ಚಿಯನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಅದಕ್ಕೆ ಮೊದಲು ಅವರ ಮನೆಗೆ ಹೋಗಿ, ನಿಮ್ಮ ಕತ್ತಿಗೆ ಬಿಸಿ ತಿಳಿಯುತ್ತಿಲ್ಲ ಎಂದು ನಾನು, ಈ ಬಾಯಿಂದ, ಹೇಳಬೇಕು. ಎರಡು ಸಲ ಅವರ ಬಾಗಿಲ ತನಕ ಹೋಗಿ ವಾಪಸು ಬಂದಿದ್ದೇನೆ.

ಈ ಕಾಗದವನ್ನು ನಿರ್ಣಯ ಪುಸ್ತಕದ ಆ ಪುಟದಲ್ಲೇ ಇಡುತ್ತಿದ್ದೇನೆ. ಹಿಂದಿನವರಿಗೆ ಬರೆದದ್ದನ್ನು ಅವರ ಕೈಬರಹದ ಜೊತೆಗಿಟ್ಟರೆ ತಲುಪುತ್ತದೆ ಎಂದು ನಮ್ಮವರ ನಂಬಿಕೆ. ನಿಮ್ಮ ಸಹಿಯ ಹಿಂಬದಿ ಖಾಲಿಯಿದೆ. ನಾಲ್ಕು ಸಾಲು ಸಾಕು, ಅವರಿಗೆ ಹೇಳಿದ ಮಾತು ಹೇಗಿತ್ತೋ ಹಾಗೆ. ಇವತ್ತು ಬುಧವಾರ. ದಿನಾ ಬೆಳಿಗ್ಗೆ ಹೋಗಿ ಪುಟ ತಿರುಗಿಸಿ ನೋಡುತ್ತೇನೆ. ದಯವಿಟ್ಟು ಬೇಗ ಬರೆಯಿರಿ.

ನಿಮ್ಮ,
ಹುಲುಗಪ್ಪ